ಅರ್ಧ ತುಂಬಿದ ಉಡಿ

ಬೈದೋವಾ, ಸೊಮಾಲಿಯಾ
೧೨ ಡಿಸೆಂಬರ್ ೧೯೯೩

ಮಾವನವರಿಗೆ ಶರಣು.

ಇದನ್ನು ನೀಲಕ್ಕನಿಗೂ ಓದಿ ಹೇಳಿ. ರಾಮದುರ್ಗಕ್ಕೆ ಹೋದಾಗ ಅವಳು ಅವ್ವನಿಗೆ ಹೇಳಲಿ. ಅವ್ವನಿಗೆ ಬೇರೆ ಬರೆದರೆ ಓದಿಸಿಕೊಳ್ಳಲು ಓಣಿಯೆಲ್ಲ ಸುತ್ತುತ್ತಾಳೆ.

ನಾವು ಆಫ್ರಿಕಕ್ಕೆ ಬಂದು ಎರಡು ತಿಂಗಳಾಗುತ್ತ ಬಂತು. ತಲೆಯ ಮೇಲೆ ಈಗ ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ. ಈ ದೇಶದಲ್ಲಿ ಸರಕಾರ ಎನ್ನುವುದು ಉಳಿದಿಲ್ಲ. ಬಂದೂಕು ಇದ್ದವರು ಒಂದೊಂದು ರಸ್ತೆಯನ್ನು ಹಿಡಿದು ಕೂತಿದ್ದಾರೆ. ಹೊರದೇಶದಿಂದ ಬರುವ ಕಾಳು ಬಂದರಿನಿಂದ ಹಳ್ಳಿ ಮುಟ್ಟುವುದರೊಳಗೆ ಅವರ ಪಾಲಾಗುತ್ತದೆ. ಹಾಗಾಗದಂತೆ ಲಾರಿಗಳ ಹಿಂದೆ ಮುಂದೆ ಹೋಗುವುದು, ಹಂಚುವಾಗ ಕಾಯುವುದು ನಮ್ಮ ಕೆಲಸ.

ನೀವು ನಂಬಲಿಕ್ಕಿಲ್ಲ, ಇದು ಜೋಳದ ಸೀಮೆ. ನಮ್ಮ ಹೂಲಿಯ ಕಡೆಯ ಹೊಲಗಳಂತೆಯೇ ಬಯಲು, ನೆಲ ಮಾತ್ರ ಕೆಂಪು. ಬಿತ್ತುವವರು ಓಡಿಹೋದರು, ಬೀಜದ ಕಾಳನ್ನು ಉಳಿದವರು ತಿಂದರು. ಹೀಗಾಗಿ ಜೋಳ ಬೆಳೆಯುವವರಿಗೆ ನಾವು ಜೋಳ ಹಂಚುತ್ತಿದ್ದೇವೆ. ಯೂಸುಫ್ ಎಂಬ ದುಭಾಷಿ ಇದ್ದಾನೆ. ಹಿಂದಿ ಸಿನಿಮಾ ನೋಡಿ ನೋಡಿ ಹಿಂದಿ ಕಲಿತವನು; ನೀರು ಬೇಕು ಎಂದರೂ ನಾಯಕ ಖಳನಾಯಕನಿಗೆ ಸವಾಲು ಹಾಕಿದಂತೆ ಕೇಳುತ್ತದೆ. ಮೊನ್ನೆ ನನ್ನನ್ನು ಕೇಳಿದ, ‘ನೀವು ಈ ಮನೆಗೆ ಅತಿಥಿಗಳೋ, ಮಾಲೀಕರೋ?’ ನಾನು ನಕ್ಕೆ. ಅವನು ನಗಲಿಲ್ಲ.

ಹೆಂಗಸರು ಪಾತ್ರೆ ತರುವುದಿಲ್ಲ. ಹೊದ್ದ ಬಟ್ಟೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೊಡ್ಡುತ್ತಾರೆ. ನಾವು ಡಬ್ಬಿಯಲ್ಲಿ ಅಳೆದು ಸುರಿಯುತ್ತೇವೆ. ನಿನ್ನೆ ಹಲೀಮಾ ಎಂಬವಳು ಬಂದಿದ್ದಳು. ಬಸುರಿ ಎಂದು ಆಗಷ್ಟೇ ತಿಳಿಯುವಂತಿತ್ತು. ಅವಳಿಗೆ ಅಳತೆಯ ಮೇಲೆ ಇನ್ನೊಂದು ಡಬ್ಬಿ ಹಾಕಿದೆ. ಅವಳು ಕಾಳನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಹಿಂದಿನ ಸಾಲಿನವರು ಗದ್ದಲ ಮಾಡಿದರು. ಇಷ್ಟೇ ವಿಶೇಷ.

ನಿಮ್ಮ
ನಿಂಗರಾಜ


ಬೈಲಹೊಂಗಲ
೨೩ ಜನವರಿ ೧೯೯೪

ಪ್ರಿಯ ನಿಂಗರಾಜ,

ನಿನ್ನ ಪತ್ರವನ್ನು ನಮ್ಮ ವಾರಪತ್ರಿಕೆಯಲ್ಲಿ ಹಾಕಿದೆ. ಕೇಳಿ ಹಾಕಬೇಕಿತ್ತು. ಆದರೆ ಕೇಳಿ, ನಿನ್ನ ಉತ್ತರ ಬರುವುದರೊಳಗೆ ಸುದ್ದಿ ಹಳಸುತ್ತದೆ. ‘ಲೇಖಕರು ಸಂಪಾದಕರ ಪತ್ನಿಯ ಸಹೋದರ’ ಎಂದು ಕೆಳಗೆ ಸಣ್ಣಕ್ಷರದಲ್ಲಿ ಹಾಕಿದ್ದೇನೆ, ಪ್ರಾಮಾಣಿಕತೆಗೆ. ಅಚ್ಚಿನ ಮೊಳೆ ಜೋಡಿಸುವ ಪರಪ್ಪ ಅರ್ಧಕ್ಕೆ ನಿಲ್ಲಿಸಿ ಮೂಗು ಒರೆಸಿಕೊಂಡ. “ಸಾಹೇಬ್ರ, ಪಂಚಾಯತಿ ಸುದ್ದಿ ಜೋಡ್ಸಿ ಜೋಡ್ಸಿ ಬೆರಳಿಗೆ ಜಂಗ್ ಹಿಡದಿತ್ತ್ರಿ. ಇದು ನೋಡ್ರಿ ಸುದ್ದಿ ಅಂದ್ರ” ಎಂದ.

ಪತ್ರಿಕೆಯ ಕತ್ತರಣೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ‘ಆಫ್ರಿಕದ ಮಗಳಿಗೆ ರಾಮದುರ್ಗದ ಉಡಿ’ ಎಂಬ ತಲೆಬರಹ ನನ್ನದು. ಒಳಗೆ ಒಂದು ಸಾಲು ಸೇರಿಸಿದ್ದೇನೆ, ನೀನೇ ಬರೆಯಬಹುದಾಗಿದ್ದ ಸಾಲು: ‘ತವರಿಗೆ ಬಂದ ಬಸುರಿ ಮಗಳಿಗೆ ಹೇಗೋ ಹಾಗೆ ಆಕೆಗೆ ಉಡಿ ತುಂಬಿದೆ.’ ಒಂದೆರಡು ಕಡೆ ಉದ್ದವಾಗಿದ್ದುದನ್ನು ಮೊಟಕು ಮಾಡಿದೆ. ಬೆಳಗಾವಿಯ ದೊಡ್ಡ ಪತ್ರಿಕೆಯೊಂದು ಇದನ್ನು ಎತ್ತಿ ಹಾಕಿತು. ಕಿತ್ತೂರಿನ ಒಬ್ಬ ಮಾಸ್ತರರು ಸಾಲೆಯ ಪ್ರಾರ್ಥನೆಯ ಹೊತ್ತಿಗೆ ಓದಿಸಿದರಂತೆ. ಇಪ್ಪತ್ತು ವರ್ಷ ಪತ್ರಿಕೆ ನಡೆಸಿದವನನ್ನು ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಪರಿಚಿತ ಮೊದಲ ಸಲ ಕೈಹಿಡಿದು ಮಾತಾಡಿಸಿದ.

ನಿಮ್ಮ ಅವ್ವ ಮಾತ್ರ ಸಿಟ್ಟಾಗಿದ್ದಾರೆ. ರಾಮದುರ್ಗಕ್ಕೆ ಹೋಗಿ ನೀಲಾ ಓದಿ ಹೇಳಿದಾಗ ನಾನೂ ಅಲ್ಲೇ ಇದ್ದೆ.

“ಗಂಡಸು ಉಡಿ ತುಂಬೂದ ಎಲ್ಲ್ಯರೆ ಐತೇನ? ತುಂಬಿದಾ, ಆತು. ಬಸುರಿ ಹೆಣ್ಮಗಳಿಗೆ ಬರೇ ಕಾಳು ಸುರುವಿ ಕಳಿಸ್ಯಾನಲ್ಲ, ಖಣಾ ಎಲ್ಲಿ? ಕೊಬ್ರಿ ಬಟ್ಲಾ ಎಲ್ಲಿ? ಅರ್ಧಾ ಉಡಿ ತುಂಬಿ ಕಳಿಸಿದ್ರ ಆ ತವರಿಗೆ ಮಂದಿ ಏನಂತಾರ?”

“ಅದು ಆಫ್ರಿಕಾ ಐತ್ರಿ ಅತ್ತಿ. ಅಲ್ಲಿ ಉಡಿ ಗಿಡಿ ಇರಂಗಿಲ್ಲ” ಎಂದೆ.

“ಇರಂಗಿಲ್ಲಂದ್ರ ನೀವ್ಯಾಕ ಪೇಪರ್‌ನ್ಯಾಗ ಬರದ್ರಿ?”

ಅವರು ಗುಳೇದಗುಡ್ಡದ ಕುಪ್ಪಸದ ಖಣವೊಂದನ್ನು ಪೆಟ್ಟಿಗೆಯಿಂದ ತೆಗೆದು, ಅರಿಸಿನ ಬೇರು, ಉತ್ತತ್ತಿ ಸೇರಿಸಿ ಕಟ್ಟಿ ಕೊಟ್ಟಿದ್ದಾರೆ. ಕೊಬ್ಬರಿ ಬೇಡ, ದಾರಿಯಲ್ಲಿ ಕೆಡುತ್ತದೆ ಎಂದು ನೀಲಾ ಬಿಡಿಸಿದಳು. ಪಾರ್ಸೆಲ್ ಮಾಡಿದ್ದೇನೆ. ಏನು ಮಾಡಬೇಕೋ ನೀನೇ ಮಾಡು.

ನಿನ್ನ ಮಾವ
ನಿಜಗುಣಪ್ಪ


ಬೈದೋವಾ
೯ ಮಾರ್ಚ್ ೧೯೯೪

ಮಾವನವರಿಗೆ ಶರಣು.

ಕತ್ತರಣೆ ಬಂತು. ಮೂರು ಸಲ ಓದಿದೆ. ಅದರಲ್ಲಿರುವ ನಿಂಗರಾಜ ಒಳ್ಳೆಯ ಮನುಷ್ಯ. ಅವನ ಪರಿಚಯ ನನಗಿಲ್ಲ.

ನಾನು ಉಡಿ ತುಂಬಲಿಲ್ಲ ಮಾವ. ಡಬ್ಬಿಯಿಂದ ಸುರಿದೆ. ನನ್ನ ಹಿಂದೆ ಜೀಪಿನ ಮೇಲೆ ಮಶೀನ್‌ಗನ್ ಇತ್ತು, ಅದರ ಬಾಯಿ ಆ ಸಾಲಿನ ಕಡೆಗೇ ಇತ್ತು. ಅದಿಲ್ಲದಿದ್ದರೆ ಸಾಲೂ ಇರುತ್ತಿರಲಿಲ್ಲ. ‘ಅವಳು ನನ್ನನ್ನು ನೋಡಲಿಲ್ಲ’ ಎಂದು ಬರೆದಿದ್ದೆ. ನೀವು ಮೊಟಕು ಮಾಡಿದ ಉದ್ದ ಅದೇ ಇರಬೇಕು. ಯೂಸುಫನ ಪ್ರಶ್ನೆಯೂ ಇಲ್ಲ.

ಕಳೆದ ವಾರ ಯಾವುದೋ ದೇಶದ ಟಿ.ವಿ.ಯವರು ಬಂದಿದ್ದರು. ಬೆಳಕು ಸರಿಯಿಲ್ಲವೆಂದು ಒಬ್ಬ ಮುದುಕಿಯ ಬಟ್ಟೆಗೆ ಸುರಿದ ಕಾಳನ್ನು ಚೀಲಕ್ಕೆ ವಾಪಸು ಹಾಕಿಸಿ ಮತ್ತೊಮ್ಮೆ ಸುರಿಸಿದರು. ಅವಳು ವಾಪಸು ಕೊಡಲು ಒಪ್ಪಲಿಲ್ಲ. ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಬಿಡಿಸಿಕೊಂಡದ್ದರ ಚಿತ್ರ ಅವರು ತೆಗೆಯಲಿಲ್ಲ. ಆ ಹೊತ್ತಿಗೆ ನಿಮ್ಮ ನೆನಪಾಯಿತು. ತಪ್ಪು ತಿಳಿಯಬೇಡಿ.

ಖಣ ಇನ್ನೂ ಬಂದಿಲ್ಲ. ಬಂದರೆ ನಾನೇ ತಲೆಗೆ ಸುತ್ತಿಕೊಳ್ಳುತ್ತೇನೆ, ಇಲ್ಲಿ ಬಿಸಿಲು ಬಹಳ.

ನಿಮ್ಮ
ನಿಂಗರಾಜ


ಬೈಲಹೊಂಗಲ
೪ ಏಪ್ರಿಲ್ ೧೯೯೪

ಪ್ರಿಯ ನಿಂಗರಾಜ,

ನಿನ್ನ ಸಿಟ್ಟು ಅರ್ಥವಾಯಿತು. ಒಂದು ಹೋಲಿಕೆಗೆ ಇಷ್ಟು ಸಿಟ್ಟು ಯಾಕೆ ಎನ್ನುವುದು ಅರ್ಥವಾಗಲಿಲ್ಲ.

ಮೂರು ವರ್ಷದ ಹಿಂದೆ ಕೊಲ್ಲಿ ಯುದ್ಧವನ್ನು ನಾವು ಟಿ.ವಿ.ಯಲ್ಲಿ ನೋಡಿದೆವು. ಹಸಿರು ಬೆಳಕುಗಳು ಹಾರುತ್ತಿದ್ದವು. ನೀಲಾ ಅವಲಕ್ಕಿ ಹಚ್ಚಿ ಕೊಟ್ಟಳು, ತಿನ್ನುತ್ತ ನೋಡಿದೆವು. ಯಾರೂ ಸತ್ತಂತೆ ಕಾಣಲಿಲ್ಲ. ಅಂಥದ್ದಕ್ಕಿಂತ ನನ್ನ ಉಡಿ ಮೇಲಲ್ಲವೇ? ದೂರದ ಸಂಕಟವನ್ನು ಓದುವವನಿಗೆ ಕೂಡಲು ಒಂದು ಮಣೆ ಹಾಕಬೇಕು. ಮಣೆ ನಮ್ಮ ಮನೆಯದೇ ಆಗಿರಬೇಕು, ಇಲ್ಲದಿದ್ದರೆ ಅವನು ನಿಂತೇ ಓದಿ ಹೊರಟುಹೋಗುತ್ತಾನೆ. ಮಶೀನ್‌ಗನ್ ಬರೆದಿದ್ದರೆ ಮಶೀನ್‌ಗನ್ ಒಂದೇ ನೆನಪಿರುತ್ತಿತ್ತು, ಹಲೀಮಾ ಅಲ್ಲ.

ಇದನ್ನೆಲ್ಲ ಬರೆದ ಮೇಲೆ ಓದಿ ನೋಡಿದೆ. ಸಂಪಾದಕೀಯದ ಹಾಗಿದೆ. ಇರಲಿ, ಕಳಿಸುತ್ತೇನೆ.

ನಿನ್ನ ಮಾವ
ನಿಜಗುಣಪ್ಪ


ಬೈದೋವಾ
೨೯ ಮೇ ೧೯೯೪

ಮಾವನವರಿಗೆ ಶರಣು. ನೀಲಕ್ಕನಿಗೆ, ಅವ್ವನಿಗೆ ಹೇಳಿ, ಪಾರ್ಸೆಲ್ ಮುಟ್ಟಿತು.

ತಲೆಗೆ ಸುತ್ತಿಕೊಳ್ಳುತ್ತೇನೆ ಎಂದು ಬರೆದಿದ್ದೆ. ಬಿಚ್ಚಿದಾಗ ಪೆಟ್ಟಿಗೆಯ ವಾಸನೆ ಬಂತು, ಆಗಲಿಲ್ಲ. ಹಲೀಮಾ ಬಂದ ದಿನ ಯೂಸುಫನನ್ನು ಕರೆದು, ‘ನಮ್ಮ ತಾಯಿ ಕಳಿಸಿದ್ದಾಳೆ, ನಮ್ಮಲ್ಲಿ ಬಸುರಿಗೆ ಕೊಡುತ್ತಾರೆ’ ಎಂದು ಹೇಳಿಸಿದೆ. ಅವನು ಅದಕ್ಕೆ ಏನೇನು ಸೇರಿಸಿದನೋ ಗೊತ್ತಿಲ್ಲ, ಬಹಳ ಹೊತ್ತು ಹೇಳಿದ. ಅವನೂ ನಿಮ್ಮ ಹಾಗೆಯೇ. ಅವಳು ಅರಿಸಿನ ಬೇರನ್ನು ಕಚ್ಚಿ ನೋಡಿ ಮುಖ ಕಿವುಚಿದಳು. ಉತ್ತತ್ತಿ ಅವಳಿಗೆ ಗೊತ್ತಿರುವ ಪದಾರ್ಥ, ಅದಕ್ಕೆ ನಕ್ಕಳು. ಖಣವನ್ನು ತಲೆಗೆ ಕಟ್ಟಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. ಮೊದಲ ಸಲ. ಇದನ್ನು ಅಚ್ಚು ಹಾಕಬೇಡಿ.

ಈಗ ಅವಳು ಸಾಲಿನಲ್ಲಿ ನಿಲ್ಲುವುದಿಲ್ಲ. ನಮ್ಮ ಬೀಡಿನ ಗೇಟಿಗೇ ಬರುತ್ತಾಳೆ. ಬೇಡುವುದಕ್ಕಲ್ಲ, ಸುಮ್ಮನೆ; ಸಂತೆಯಿಂದ ಹೋಗುವಾಗ ತವರಿನ ಬಾಗಿಲಲ್ಲಿ ನಿಂತು ಹೋದ ಹಾಗೆ. ನಮ್ಮ ಹುಡುಗರು ಚೇಷ್ಟೆಗೆ ‘ರುಕೋ, ರುಕೋ’ ಎಂದು ಬಂದೂಕು ಅಡ್ಡ ಹಿಡಿಯುತ್ತಾರೆ. ಅವಳೂ ‘ರುಕೋ’ ಎಂದು ಅಣಕಿಸಿ ಒಳಗೆ ಬರುತ್ತಾಳೆ. ಅವಳ ಗಂಡ ಬೀಜ ಸಿಕ್ಕಿ ಬಿತ್ತಿದ್ದಾನಂತೆ. ಹೋದ ವಾರ ಹೆಣ್ಣು ಹಡೆದಳೆಂದು ಯೂಸುಫ್ ಹೇಳಿದ.

ಅವ್ವ ಗೆದ್ದಳು ಎಂದು ಹೇಳಿ. ನೀವೂ ಸ್ವಲ್ಪ ಗೆದ್ದಿರಿ.

ನಿಮ್ಮ
ನಿಂಗರಾಜ


ಬೈಲಹೊಂಗಲ
೧೩ ಆಗಸ್ಟ್ ೧೯೯೪

ಪ್ರಿಯ ನಿಂಗರಾಜ,

ನಿನ್ನ ಮೇ ತಿಂಗಳ ಪತ್ರದ ನಂತರ ಏನೂ ಬಂದಿಲ್ಲ. ಅಲ್ಲಿ ಮತ್ತೆ ಗುಂಡುಗಳು ಹಾರುತ್ತಿವೆ ಎಂದು ರೇಡಿಯೋ ಹೇಳುತ್ತದೆ. ರೇಡಿಯೋ ಹೇಳುವುದರಲ್ಲಿ ನೀನು ಎಲ್ಲಿದ್ದೀ ಎಂದು ಹುಡುಕುವುದು ನೀಲಾಳ ದಿನದ ಕೆಲಸವಾಗಿದೆ.

ಮೊನ್ನೆ ಪಂಚಮಿಗೆ ರಾಮದುರ್ಗದಲ್ಲಿದ್ದೆವು. ತಂಬಿಟ್ಟಿನ ತಾಟು ಮುಂದಿಟ್ಟುಕೊಂಡು ನಿಮ್ಮ ಅವ್ವ ಕೇಳಿದರು, “ಹಬ್ಬಕ್ಕ ಎಲ್ಲಾರ ಮಕ್ಕಳೂ ಬಂದ್ರು. ಅಕೀನ ಯಾರ ಕರಕೊಂಡ ಬರಬೇಕಿತ್ತ?”

ನೀಲಾ ನಕ್ಕಳು. “ಇಮಾನದಾಗ ಕರಕೊಂಡ ಬಾ ಅಂತ ನಿನ್ನ ಮಗಗ ಬರಿ.”

“ನಗಬ್ಯಾಡ. ಕೂಸಿನ ಹೆಸರರೆ ಕೇಳ್ಸು.”

ಕೂಸಿನ ಹೆಸರು ತಿಳಿಸು. ಸಾಧ್ಯವಾದರೆ ಒಂದು ಫೋಟೋ: ಖಣ ಕಟ್ಟಿದ ತಲೆ, ಕೈಯಲ್ಲಿ ಕೂಸು, ಪಕ್ಕದಲ್ಲಿ ನೀನು. ಅಚ್ಚು ಹಾಕಬೇಡಿ ಎಂದು ನೀನು ಬರೆದದ್ದು ಮರೆತಿಲ್ಲ. ಆದರೆ ಓದುಗರು ಕೇಳುತ್ತಾರೆ. ಕಿತ್ತೂರಿನ ಆ ಮಾಸ್ತರರು ಎರಡು ಸಲ ಕಾರ್ಡು ಹಾಕಿದರು, ‘ಆ ಮಗಳು ಹೇಗಿದ್ದಾಳೆ?’ ಎಂದು. ಒಂದು ದೇಶಕ್ಕೆ ಇನ್ನೊಂದು ದೇಶದ ಸೈನ್ಯ ಹೋಗಬಾರದು ಎಂದು ನಾನು ಒಂದು ಕಾಲಕ್ಕೆ ಸಂಪಾದಕೀಯ ಬರೆದವನು. ನಮ್ಮವರು ಸಿಂಹಳಕ್ಕೆ ಹೋದಾಗ. ಅದನ್ನು ಯಾರೂ ಓದಲಿಲ್ಲ. ಇದನ್ನು ಎಲ್ಲರೂ ಓದಿದರು.

ನಿನ್ನ ಮಾವ
ನಿಜಗುಣಪ್ಪ


ಬೈದೋವಾ
೧೮ ಸೆಪ್ಟೆಂಬರ್ ೧೯೯೪

ಮಾವನವರಿಗೆ,

ನಿಮ್ಮ ಪತ್ರ ಬಂದಾಗ ಹಲೀಮಾಳನ್ನು ಮಣ್ಣು ಮಾಡಿ ವಾರವಾಗಿತ್ತು.

ಆಗಸ್ಟಿನಲ್ಲಿ ರಸ್ತೆಯ ಮೇಲೆ ನಮ್ಮ ಗಾಡಿಗಳಿಗೆ ಹೊಂಚು ಹಾಕಿ ಹೊಡೆದರು. ನಮ್ಮವರು ಸತ್ತರು. ಅವರಲ್ಲಿ ಒಬ್ಬ ನನ್ನ ಪಕ್ಕದ ಹಾಸಿಗೆಯವನು. ಆಮೇಲೆ ಎಲ್ಲ ಬದಲಾಯಿತು. ಗೇಟಿನ ಮುಂದೆ ಸುಣ್ಣ ಬಳಿದ ಕಲ್ಲುಗಳ ಸಾಲು ಇಟ್ಟರು. ಅದನ್ನು ದಾಟಿ ಯಾರೂ ಬರಕೂಡದು; ಎರಡು ಸಲ ಎಚ್ಚರಿಸುವುದು, ನಿಲ್ಲದಿದ್ದರೆ ಹೊಡೆಯುವುದು. ಗೇಟಿನ ಹುಡುಗರನ್ನೂ ಬದಲಾಯಿಸಿದರು. ಆ ದಿನ ಪಹರೆಯ ಹವಾಲ್ದಾರ ನಾನು. ಬೆಳಿಗ್ಗೆ ಹುಡುಗರನ್ನು ನಿಲ್ಲಿಸಿ ಹುಕುಮನ್ನು ಓದಿ ಹೇಳಿದವನು ನಾನು. ‘ಖಣ ಕಟ್ಟಿದ ಒಬ್ಬ ಹೆಂಗಸು ಬರುತ್ತಾಳೆ, ಅವಳನ್ನು ಬಿಡಿ’ ಎಂದು ಹುಕುಮಿನಲ್ಲಿ ಸೇರಿಸಲು ಆಗುವುದಿಲ್ಲ. ಹಾಗೆ ಸೇರಿಸುವವನು ಹವಾಲ್ದಾರನಾಗಿರುವುದಿಲ್ಲ. ನನಗೆ ಆ ಹೊತ್ತಿಗೆ ಅವಳ ನೆನಪಾಗಿತ್ತು ಎನ್ನುವುದನ್ನೂ ಬರೆಯುತ್ತೇನೆ.

ಅವಳು ಮಧ್ಯಾಹ್ನ ಬಂದಳು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ಮುಂದಿನ ಬಟ್ಟೆಯನ್ನು ಎರಡೂ ಕೈಯಿಂದ ಮಡಚಿ ಎತ್ತಿ ಹಿಡಿದಿದ್ದಳು, ಒಳಗೆ ಏನೋ ಇತ್ತು. ಗೇಟಿನಲ್ಲಿದ್ದ ಸಿಪಾಯಿ ‘ರುಕೋ’ ಎಂದ. ಅವಳು ನಕ್ಕಳು. ಇನ್ನೊಮ್ಮೆ ‘ರುಕೋ’ ಎಂದ. ಅವಳೂ ‘ರುಕೋ’ ಎಂದು ಕಲ್ಲು ದಾಟಿದಳು. ನಾನು ಡೇರೆಯಿಂದ ಓಡಿ ಬರುವುದರೊಳಗೆ ಮುಗಿದಿತ್ತು.

ಉಡಿಯಲ್ಲಿ ಇದ್ದದ್ದು ಜೋಳದ ತೆನೆ. ಅವರ ಹೊಲದ ಮೊದಲ ತೆನೆ. ಹಾಲು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ.

ಸಿಪಾಯಿಯ ತಪ್ಪಿಲ್ಲ. ಅವನು ಎರಡು ಸಲ ಹೇಳಿದ. ಆಮೇಲೆ ಎರಡು ದಿನ ಅವನು ಉಣ್ಣಲಿಲ್ಲ. ವರದಿಯಲ್ಲಿ ‘ಅನುಮಾನಾಸ್ಪದ ವ್ಯಕ್ತಿ’ ಎಂದಿದೆ, ಹೆಂಗಸು ಎಂದೂ ಇಲ್ಲ. ಅವಳ ಗಂಡನ ಹತ್ತಿರ ಹೋಗಲು ಯೂಸುಫನನ್ನು ಕರೆದೆ. ‘ಮಾಲೀಕರು ಸಮಾಧಾನ ಹೇಳಲು ಬಂದರೆ ಮನೆಯವರು ಎದ್ದು ನಿಲ್ಲಬೇಕಾಗುತ್ತದೆ. ಬೇಡ, ಅವರು ಕೂತಿರಲಿ’ ಎಂದ. ಹೋಗಲಿಲ್ಲ.

ಅವಳು ಸಾಲಿನಲ್ಲಿ ನಿಲ್ಲುವವಳಾಗಿದ್ದರೆ ಬದುಕುತ್ತಿದ್ದಳು. ಈ ಮಾತನ್ನು ನಿಮಗೆ ಚುಚ್ಚಲು ಬರೆಯುತ್ತಿಲ್ಲ. ಖಣ ಕೊಟ್ಟ ಕೈ ನನ್ನದು.

ಇದನ್ನು ಅಚ್ಚು ಹಾಕಬೇಡಿ. ಅವ್ವನಿಗೆ ಹೇಳಬೇಡಿ.

ನಿಂಗರಾಜ


ಬೈಲಹೊಂಗಲ
೬ ನವೆಂಬರ್ ೧೯೯೪

ಪ್ರಿಯ ನಿಂಗರಾಜ,

ಮೂರು ಸಲ ಬರೆಯಲು ಕೂತೆ. ಪ್ರತಿಸಲವೂ ಚೆನ್ನಾಗಿ ಬಂತು, ಅದಕ್ಕೇ ಹರಿದು ಹಾಕಿದೆ.

ನೀಲಾಳಿಗೆ ಹೇಳಿದ್ದೇನೆ. ಅವಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ಸಾರು ಬಡಿಸುತ್ತ, “ನೀವು ಬರೀಲಿಲ್ಲಂದ್ರ ಅವ್ವ ಖಣಾ ಕಳಸ್ತಿರಲಿಲ್ಲ” ಎಂದಳು. ಇಷ್ಟೇ. ಮರುದಿನದಿಂದ ಮಾತು ಮೊದಲಿನಂತೆಯೇ ಇದೆ.

ನಿಮ್ಮ ಅವ್ವನಿಗೆ ಹೇಳಿಲ್ಲ. ಕೂಸಿನ ಹೆಸರು ಕೇಳಿದರು. ಪತ್ರ ಬಂದಿಲ್ಲ ಎಂದೆ. ಕಿತ್ತೂರಿನ ಮಾಸ್ತರರಿಗೂ ಅದನ್ನೇ ಬರೆದೆ. ಅಚ್ಚು ಹಾಕಬೇಡಿ ಎಂದು ನೀನು ಬರೆದಿರುವುದರಿಂದ ಹಾಕುವ ಪ್ರಶ್ನೆಯೇ ಇಲ್ಲ. ಈ ಮಾತನ್ನು ಬರೆಯುವಾಗ ಎದೆ ಎಷ್ಟು ಹಗುರಾಯಿತು ಎಂದರೆ ನನಗೇ ಅನುಮಾನ ಬಂತು.

ನೀನು ಬೇಗ ಬಾ.

ನಿನ್ನ ಮಾವ
ನಿಜಗುಣಪ್ಪ


ಪಠಾಣಕೋಟ
೨೦ ಮಾರ್ಚ್ ೧೯೯೫

ಮಾವನವರಿಗೆ ಶರಣು.

ರಜೆ ಮುಗಿಸಿ ಇಲ್ಲಿ ಪಲ್ಟನ್ನಿಗೆ ಬಂದು ಮುಟ್ಟಿದೆ. ಬೈಲಹೊಂಗಲಕ್ಕೆ ಬಂದು ನಿಮ್ಮ ಮನೆಯಲ್ಲಿ ಉಂಡು, ಎರಡು ರಾತ್ರಿ ಇದ್ದೂ ನಾವಿಬ್ಬರು ಮಳೆ ಬೆಳೆಯ ಮಾತಷ್ಟೇ ಆಡಿದೆವು. ಬಸ್ಸಿನವರೆಗೆ ಬಂದು ನೀವು ಬಾಳೆಹಣ್ಣು ಕೊಡಿಸಿದಿರಿ. ಬಸ್ಸು ಬಿಟ್ಟ ಮೇಲೆ ಇಬ್ಬರಿಗೂ ಆರಾಮಾಯಿತು ಅನಿಸುತ್ತದೆ. ಪತ್ರದಲ್ಲಿ ಬರೆಯುತ್ತೇನೆ.

ಅವ್ವನಿಗೆ ಎಲ್ಲ ಹೇಳಿದೆ. ಕೂಸಿನ ಹೆಸರೇನು ಎಂದು ಕೇಳಿದಳು, ಸುಳ್ಳು ಹೆಸರೊಂದನ್ನು ಹೇಳಲು ಬಾಯಿ ತೆರೆದೆ, ನಿಜ ಬಂತು. ಅವಳು ಅಳಲಿಲ್ಲ. “ಉಡಿ ತುಂಬಿದ ಮ್ಯಾಲೆ ಅಕಿ ನಮ್ಮನಿ ಮಗಳು. ಮಗಳು ಸತ್ರ ತವರಿಗೆ ಸುದ್ದಿ ಬರಬೇಕು, ನಾಕ ಮಂದಿಗೆ ಗೊತ್ತಾಗಬೇಕು. ಆಮ್ಯಾಲೆ ಅಳೂದು. ಕಳ್ಳ ಅಳು ಅಳಾಕ ನನಗ ಬರಂಗಿಲ್ಲ” ಎಂದಳು. ನಿಮಗೆ ಹೇಳಲು ಹೇಳಿದ ಮಾತು ಇದು, ಅವಳ ಬಾಯಿಂದ ಬಂದಂತೆಯೇ ಬರೆಯುತ್ತೇನೆ: “ಮಗಳಾಗಿದ್ದು ಪೇಪರ್‌ನ್ಯಾಗ ಹಾಕ್ಯಾರ. ಸತ್ತದ್ದೂ ಅಲ್ಲೇ ಹಾಕ್ರಿ ಅಂತ ಹೇಳು. ಹೆಂಗ ಸತ್ಲು ಅನ್ನೂದು ಬಿಡಬ್ಯಾಡ್ರಿ ಅಂತ ಹೇಳು.”

ಮುಂದಿನ ಮಾರ್ಚಿಗೆ ನನ್ನ ಸೇವೆ ಮುಗಿಯುತ್ತದೆ. ಅಲ್ಲಿಯವರೆಗೆ ತಡೆಯಿರಿ. ಆಮೇಲೆ ಹಾಕಿ. ಹಾಕಬೇಡಿ ಎಂದು ಬರೆದಿದ್ದವನು ನಾನೇ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಲೇಖನ ಬೇಡ, ಹೋಲಿಕೆ ಬೇಡ. ನೀವು ಪ್ರತಿವಾರ ಹಾಕುವ ನಿಧನ ವಾರ್ತೆಯಲ್ಲಿ ನಾಲ್ಕು ಸಾಲು. ನಮ್ಮ ಗುಂಡಿನಿಂದ ಸತ್ತಳು ಎಂದಿರಲಿ. ಹುಕುಮು ಓದಿದವನ ಹೆಸರು ಬೇಕಿದ್ದರೆ ನನ್ನದಿರಲಿ.

ನಿಮ್ಮ
ನಿಂಗರಾಜ


ಬೈಲಹೊಂಗಲ
೨೮ ಏಪ್ರಿಲ್ ೧೯೯೬

ಪ್ರಿಯ ನಿಂಗರಾಜ,

ನಿವೃತ್ತನಾಗಿ ನೀನು ರಾಮದುರ್ಗಕ್ಕೆ ಬಾರದೆ ಪುಣೆಯಲ್ಲಿ ಬ್ಯಾಂಕಿನ ಕಾವಲಿಗೆ ಸೇರಿದ್ದು ನೀಲಾಳಿಂದ ತಿಳಿಯಿತು. ಊರಿನಲ್ಲಿ ಎಲ್ಲರೂ ಆ ಲೇಖನದ ಮನುಷ್ಯನನ್ನೇ ಮಾತಾಡಿಸುತ್ತಾರೆ ಎಂದು ಅವಳಿಗೆ ಹೇಳಿದೆಯಂತೆ.

ಒಪ್ಪಿಕೊಂಡಂತೆ ಹಾಕಿದ್ದೇನೆ. ಕತ್ತರಣೆ ಇದೆ:

‘ಹಲೀಮಾ. ಸೊಮಾಲಿಯಾದ ಬೈದೋವಾ ನಿವಾಸಿ, ರಾಮದುರ್ಗದ ಸಿದ್ದಲಿಂಗವ್ವನವರ ಮಾನಸಪುತ್ರಿ ಹಲೀಮಾ ಅವರು ೧೯೯೪ರ ಸೆಪ್ಟೆಂಬರ್ ತಿಂಗಳಲ್ಲಿ ಅಪಘಾತದಲ್ಲಿ ನಿಧನರಾದರೆಂದು ತಡವಾಗಿ ತಿಳಿದುಬಂದಿದೆ. ಮೃತರು ಪತಿ, ಓರ್ವ ಪುತ್ರಿ ಹಾಗೂ ತವರಿನಲ್ಲಿ ತಾಯಿ, ಸಹೋದರ, ಸಹೋದರಿಯನ್ನು ಅಗಲಿದ್ದಾರೆ.’

ಒಂದು ಶಬ್ದದ ಬಗ್ಗೆ ನಿನಗೆ ಅಸಮಾಧಾನವಾಗಬಹುದು. ಪರಪ್ಪ ಮೊದಲು ನೀನು ಹೇಳಿದಂತೆಯೇ ಜೋಡಿಸಿದ್ದ. ಕರಡು ನನ್ನ ಮೇಜಿನ ಮೇಲೆ ಎರಡು ದಿನ ಇತ್ತು. ನಿನ್ನ ಪಿಂಚಣಿಗೆ ತೊಂದರೆಯಾದೀತು ಎಂದುಕೊಂಡೆ. ಆ ಸಿಪಾಯಿ ಎಲ್ಲೋ ಇದ್ದಾನೆ, ಅವನ ತಾಯಿಯೂ ಇದ್ದಾಳೆ ಎಂದುಕೊಂಡೆ. ಗಡಿಯಲ್ಲಿ ದಿನವೂ ನಮ್ಮ ಸಿಪಾಯಿಗಳು ಸಾಯುತ್ತಿರುವಾಗ ‘ನಮ್ಮ ಗುಂಡು’ ಎಂಬುದನ್ನು ಓದುಗ ಎಲ್ಲಿ ಇಟ್ಟುಕೊಳ್ಳಬೇಕು ಎಂದೂ ಯೋಚಿಸಿದೆ. ಎಲ್ಲವೂ ನಿಜವಾದ ಕಾರಣಗಳೇ. ಆ ಹೊತ್ತಿಗೆ ಕಿತ್ತೂರಿನಿಂದ ಕರೆ ಬಂತು; ಸಾಲೆಯ ಗೋಡೆಗೆ ಆ ಲೇಖನವನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆ, ನನ್ನನ್ನು ಕರೆಸಿ ಶಾಲು ಹೊದಿಸಬೇಕಂತೆ. ಇದೂ ಒಂದು ಕಾರಣವೇ ಎಂದು ನೀನು ಕೇಳಿದರೆ ಅಲ್ಲ ಎನ್ನುತ್ತೇನೆ.

ಪರಪ್ಪ ಮೊಳೆ ಕಿತ್ತು ಬದಲಾಯಿಸುವಾಗ, “ಗುಂಡಿಗಿಂತ ಅಪಘಾತ ಉದ್ದ ಆಗತೈತ್ರಿ, ಸಾಲು ಒಡೀತೈತಿ” ಎಂದ. ಒಡೆಯಲಿ ಎಂದೆ.

ನಿನ್ನ ಮಾವ
ನಿಜಗುಣಪ್ಪ


ಪುಣೆ
೧೫ ಮೇ ೧೯೯೬

ಮಾವನವರಿಗೆ,

ಕತ್ತರಣೆ ಮುಟ್ಟಿತು. ‘ಅನುಮಾನಾಸ್ಪದ ವ್ಯಕ್ತಿ’ಗಿಂತ ಇದು ಒಳ್ಳೆಯದು. ಹೆಸರಾದರೂ ಇದೆ.

ಅವ್ವನಿಗೆ ನಾನು ಓದಿ ಹೇಳುವುದಿಲ್ಲ. ನೀಲಕ್ಕನೂ ಹೇಳಬಾರದು. ಬರೆದವರೇ ಹೇಳಬೇಕು.

ನಿಂಗರಾಜ


ಬೈಲಹೊಂಗಲ
೨೫ ಆಗಸ್ಟ್ ೧೯೯೬

ಪ್ರಿಯ ನಿಂಗರಾಜ,

ನಿನ್ನ ಕಾರ್ಡಿಗೆ ಮೂರು ತಿಂಗಳು ಉತ್ತರ ಬರೆಯಲಿಲ್ಲ. ರಾಮದುರ್ಗಕ್ಕೂ ಹೋಗಲಿಲ್ಲ. ಪಂಚಮಿಗೆ ಹೋಗದೆ ಇರಲು ಆಗಲಿಲ್ಲ.

ಓಣಿಯ ಹೆಂಗಸರು ಪಡಸಾಲೆಯಲ್ಲಿ ಸೇರಿದ್ದರು. ನಾನು ಚಪ್ಪಲಿ ಹೊಸ್ತಿಲ ಹೊರಗೆ ಬಿಡುವುದರೊಳಗೆ ನಿಮ್ಮ ಅವ್ವ, “ತಂದೀರೇನ್ರಿ ಅಳಿಯಂದ್ರ?” ಎಂದರು. ಕತ್ತರಣೆ ತಂದಿದ್ದೆ. “ಕುಂದರ್ರಿ. ಓದ್ರಿ. ಇವರೆಲ್ಲಾ ಕೇಳಲಿ.”

ಓದಿದೆ. ನನ್ನ ದನಿ ಚೆನ್ನಾಗಿಯೇ ಇತ್ತು. ‘ಮಾನಸಪುತ್ರಿ’ ಎಂದಾಗ, “ಅದೇನ್ರಿ?” ಎಂದರು. “ಮಗಳ ಹಂಗ ಅಂತ್ರಿ” ಎಂದೆ. “ಹಂಗ ಯಾಕ?” ಎಂದರು. ಮುಂದೆ ಓದಿದೆ. ‘ಅಪಘಾತದಲ್ಲಿ’ ಎಂಬಲ್ಲಿಗೆ ಕೈ ಎತ್ತಿದರು.

“ನಿಂದ್ರಸ್ರಿ. ಯಾವ ಗಾಡಿ ಮ್ಯಾಲೆ ಹಾದೈತ್ರಿ?”

ನಾನು ಕಾಗದ ನೋಡುತ್ತಿದ್ದೆ. ಪಕ್ಕದ ಮನೆಯ ಕೆಂಚವ್ವ ನನ್ನ ನೆರವಿಗೆ ಬಂದಳು. “ಲಾರಿ ಇರಬೇಕ ಬಿಡ ಯಕ್ಕಾ. ಕಾಳಿನ ಲಾರಿ.”

“ನಿನ್ನ ಕೇಳಿಲ್ಲ ಕೆಂಚವ್ವಾ. ಬರದವರ್ನ ಕೇಳಾಕತ್ತೇನಿ.”

ನೀಲಾ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅವಳು ನನ್ನನ್ನು ನೋಡಲಿಲ್ಲ.

“ಗಾಡಿ ಅಲ್ರಿ ಅತ್ತಿ” ಎಂದೆ.

“ಮತ್ತ?”

“ಗುಂಡು.”

“ಯಾರ ಗುಂಡ್ರಿ?”

“ನಮ್ಮವರದ.”

“ಹಾಂ. ಈಗ ಮೊದಲಿಂದ ಓದ್ರಿ. ಈಗ ಹೇಳಿದ್ರಲ್ಲ, ಹಂಗ ಓದ್ರಿ.”

ಓದಿದೆ ನಿಂಗರಾಜ. ಅಚ್ಚಾದ ಕಾಗದವನ್ನು ಹಿಡಿದುಕೊಂಡು ಅಚ್ಚಾಗದ್ದನ್ನು ಓದಿದೆ. ರಾಮದುರ್ಗದ ಸಿದ್ದಲಿಂಗವ್ವನವರ ಮಗಳು ಹಲೀಮಾ, ನಮ್ಮ ಸಿಪಾಯಿಯ ಗುಂಡಿನಿಂದ, ನಮ್ಮ ಗೇಟಿನಲ್ಲಿ, ಉಡಿಯಲ್ಲಿ ಹೊಸ ಜೋಳದ ತೆನೆ ಇಟ್ಟುಕೊಂಡು. ಇಷ್ಟು ವರ್ಷದಲ್ಲಿ ನಾನು ಓದಿದ ಒಂದೇ ಸರಿಯಾದ ವರದಿ ಅದು. ಕೇಳಿದವರಲ್ಲಿ ಹೆಚ್ಚಿನವರಿಗೆ ಓದಲು ಬರುವುದಿಲ್ಲ. ಬಾಯವ್ವ ಎಂಬ ಮುದುಕಿ ಮೆಲ್ಲಗೆ, “ನಮ್ಮವರು ಅಲ್ಲಿಗ್ಯಾಕ ಹೋಗಿದ್ರು?” ಎಂದಳು. “ಕಾಳು ಕೊಡಾಕ” ಎಂದು ಕೆಂಚವ್ವ ಹೇಳಿದಳು. “ಕಾಳು ಕೊಡಾಕ ಬಂದೂಕ ಯಾಕ?” ಎಂದು ಬಾಯವ್ವ ಮತ್ತೆ ಕೇಳಿದಳು. ಈ ಪ್ರಶ್ನೆಯ ಮೇಲೆ ನಾನು ಒಂದು ಕಾಲಕ್ಕೆ ಎರಡು ಕಾಲಮು ಬರೆದಿದ್ದೇನೆ. ಅದರಲ್ಲಿದ್ದ ಒಂದು ವಾಕ್ಯವೂ ಆ ಪಡಸಾಲೆಯಲ್ಲಿ ನನಗೆ ನೆನಪಾಗಲಿಲ್ಲ.

ಆಮೇಲೆ ನಿಮ್ಮ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಾಡಿ ಅಳತೊಡಗಿದರು. ನೀನು ಕೇಳಿದ್ದೀ, ಅವರ ತಾಯಿ ಹೋದಾಗ. ಒಂದೊಂದು ಸಾಲಿಗೂ ಹೆಸರು ಹಿಡಿದು ಕರೆದರು. ತೆನೆ ತಂದವಳೇ ಎಂದರು. ನಿಲ್ಲು ಅಂದರೆ ನಕ್ಕವಳೇ ಎಂದರು. ತವರಿನ ಗುಂಡು ತಾಗಿದವಳೇ ಎಂದಾಗ ಉಳಿದ ಹೆಂಗಸರೂ ದನಿಗೂಡಿಸಿದರು. ಒಂದೂವರೆ ವರ್ಷ ತಡೆದು ಹಿಡಿದದ್ದು. ಅವರಿಗೆ ಬೇಕಾಗಿದ್ದದ್ದು ಆ ಒಂದು ಶಬ್ದ. ಅದಿಲ್ಲದೆ ಅಳುವ ಸಾಲು ಕೂಡುತ್ತಿರಲಿಲ್ಲ.

ಗಂಡಸರು ಕೂಡುವ ಜಾಗ ಅದಲ್ಲ. ಎದ್ದು ಕಟ್ಟೆಯ ಮೇಲೆ ಕೂತೆ. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ, “ಯಾರ ಹ್ವಾದ್ರೀ?” ಎಂದು ಕೇಳಿದ. “ಮನೀ ಮಗಳು” ಎಂದೆ. “ಏನಾಗಿತ್ತ್ರಿ?” ಎಂದ. ಹೇಳಿದೆನೋ ಇಲ್ಲವೋ, ಈಗ ಖಚಿತವಿಲ್ಲ. ಅವನು ಟೊಪ್ಪಿಗೆ ತೆಗೆದು ಮುಂದೆ ಹೋದ.

ನಿಧನ ವಾರ್ತೆಯ ತಿದ್ದುಪಡಿಯನ್ನು ಪರಪ್ಪನ ಕೈಗೆ ಕೊಟ್ಟಿದ್ದೇನೆ ಎಂದು ನಿನಗೆ ತಿಳಿಸಬೇಕೆಂದೇ ಈ ಪತ್ರವನ್ನು ಶುರು ಮಾಡಿದೆ. ಇಲ್ಲಿಯವರೆಗೆ ಬರೆದುಕೊಂಡು ಬಂದರೆ ಕೊಡುವ ಧೈರ್ಯ ಬಂದೀತು ಎಂದು. ಈ ವಾರದ ಸಂಚಿಕೆ ಈಗ ಅಚ್ಚಿಗೆ ಹೋಗುತ್ತಿದೆ. ಯಂತ್ರದ ಸದ್ದು ಇಲ್ಲಿಗೆ ಕೇಳುತ್ತದೆ.

ಕೊಟ್ಟಿಲ್ಲ.

ನಿಜಗುಣಪ್ಪ